ಬ್ಯಾಟರಿ ನನ್ನದು, ಸೆಲ್ಫ್ ಅವರದು

ಹೋದ ವಾರ ಒಲೆಯ ಮೇಲೆ ಸಾರು ಇಟ್ಟಿದ್ದೆ, ಮೊಮ್ಮಗಳ ಫೋನ್ ಬಂತು. ಹೆದ್ದಾರಿಯ ಬದಿಯಲ್ಲಿ ನಿಂತಿದ್ದಾಳೆ ಅನ್ನೋದು ಹಿಂದೆ ಲಾರಿ ಹಾಯುವ ಸದ್ದಿನಿಂದಲೇ ಗೊತ್ತಾಯಿತು.

"ಅಮ್ಮಮ್ಮಾ, ಕಾರು ಸ್ಟಾರ್ಟ್ ಆಗ್ತಿಲ್ಲ. ಕೀ ತಿರುಗಿಸಿದ್ರೆ ಟಕ್ ಅಂತದೆ, ಅಷ್ಟೇ."

ನಾನು ಬಾಯಿ ತೆರೆಯುವುದರೊಳಗೆ ಅವಳೇ ಮುಂದೆ ಹೇಳಿದಳು. "ಹೆಡ್‌ಲೈಟ್ ಹಾಕ್ಕೊಂಡು ಕೀ ತಿರುಗಿಸಿ ನೋಡಿದೆ. ಲೈಟು ಪೂರ್ತಿ ಮಂಕಾಗಿ ಹೋಯ್ತು. ಅಂದ್ರೆ ಒಂದೋ ಬ್ಯಾಟರಿ, ಇಲ್ಲಾಂದ್ರೆ ಜಾಯಿಂಟು. ಕರೆಕ್ಟಾ?"

ಕರೆಕ್ಟಾ ಅಂತ ನನ್ನನ್ನು ಕೇಳುತ್ತಾಳೆ! ಕೈಯಲ್ಲಿದ್ದ ಸೌಟು ಸಾರಿನೊಳಗೇ ಮುಳುಗಿಹೋಯಿತು. ಈ ಹುಡುಗಿಗೆ ಅರ್ಧ ಕನ್ನಡ, ಅರ್ಧ ತೆಲುಗು. ನಾನು ಅವಳಿಗೆ ಅಜ್ಜಿಯಲ್ಲ, ಅಮ್ಮಮ್ಮ. ಚಕ್ಕುಲಿ ಒತ್ತೋದು ಕಲಿಸಿದೆ, ಕಲಿಯಲಿಲ್ಲ. ಹೂ ಕಟ್ಟೋದು ಕಲಿಸಿದೆ, ದಾರವೆಲ್ಲ ಸಿಕ್ಕು ಮಾಡಿಟ್ಟಳು. ಆದರೆ ತೊಡೆಯ ಮೇಲೆ ಕೂಡಿಸಿಕೊಂಡು ಅನ್ನ ತಿನ್ನಿಸುವಾಗ ಕತೆಯ ಹಾಗೆ ಹೇಳಿದ್ದ ಹೆಡ್‌ಲೈಟಿನ ಮಾತು ಮಾತ್ರ ಅವಳ ಹೊಟ್ಟೆಯೊಳಗೆ ಅನ್ನದ ಜೊತೆಗೇ ಇಳಿದಿತ್ತು.

"ಕರೆಕ್ಟು, ನನ್ನ ಬಂಗಾರಾ," ಅಂದೆ. "ಈಗ ಬ್ಯಾಟರಿಯ ಎರಡೂ ಕಡೆ ಜಾಯಿಂಟು ಮುಟ್ಟಿ ನೋಡು. ಯಾವುದು ಬಿಸಿ ಐತೋ ಅದೇ ಕಳ್ಳ."

"ಲೈನಲ್ಲೇ ಇರು," ಅಂತ ಫೋನನ್ನು ಎಲ್ಲೋ ಇಟ್ಟಳು. ಬಾನೆಟ್ ಎತ್ತಿದ ಸದ್ದು ಕೇಳಿಸಿತು. ನಾನು ಸಾರು ಇಳಿಸಿ, ಫೋನು ಕಿವಿಗೆ ಒತ್ತಿಕೊಂಡು ನಿಂತೆ. ಹೆದರಿಕೆಯಲ್ಲ ನನಗೆ, ಸಂತೋಷ. ಯಾಕಂದರೆ ಈ ಹುಡುಗಿ ಯಾವ ಊರಲ್ಲಿ ಹುಟ್ಟಬೇಕು ಅನ್ನೋದೇ ಒಂದು ದಿನ ಇದೇ 'ಟಕ್' ಅನ್ನುವ ಸದ್ದಿನ ಮೇಲೆ ನಿಂತಿತ್ತು.

ನಮ್ಮದು ಹೊಸಪೇಟೆ ಕಡೆಯ ಹಳ್ಳಿ. ನಮ್ಮ ಯಜಮಾನರು ಲಾರಿಯ ಕ್ಲೀನರ್ ಆಗಿ ವಿಜಯವಾಡಕ್ಕೆ ಹೋದವರು, ಆ ಲಾರಿ ರಿಪೇರಿಗೆ ನಿಂತಾಗ ತಾವೂ ಅಲ್ಲೇ ನಿಂತುಬಿಟ್ಟರು. ಆಟೋನಗರದಲ್ಲಿ ವೈರಿಂಗ್ ಕೆಲಸ ಕಲಿತು, ತಗಡಿನ ಒಂದು ಶೆಡ್ ಹಾಕಿ, ಆಮೇಲೆ ಊರಿಗೆ ಬಂದು ನನ್ನನ್ನು ಕಟ್ಟಿಕೊಂಡು ಹೋದರು. ನಾನು ಓದಿದ್ದು ಎರಡನೇ ಕ್ಲಾಸು. ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಒಯ್ದವಳು, ಗೊತ್ತಿಲ್ಲದ ಊರಲ್ಲಿ ಒಬ್ಬಳೇ ಮನೆಗೆ ಬಂದು ಏನು ಮಾಡಲಿ ಅಂತ ಶೆಡ್ಡಿನಲ್ಲೇ ಕೂಡುತ್ತಿದ್ದೆ. ಕೂತವಳ ಕೈಗೆ ಅವರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಕ್ಯಾನು ಕೊಟ್ಟರು. ಅಲ್ಲಿಂದ ಶುರು ನೋಡ್ರಿ.

ಎಂಬತ್ತರ ದಶಕ ಬರುವ ಹೊತ್ತಿಗೆ ಶೆಡ್ಡು ಎರಡು ಭಾಗವಾಗಿತ್ತು. ಬಲಗಡೆ ಅವರ ಬೆಂಚು. ಡೀಸೆಲ್ ಎಂಜಿನ್ ತಾನಾಗಿ ಏಳೋದಿಲ್ಲ, ಅದನ್ನು ಯಾರಾದರೂ ಮೊದಲು ತಿರುಗಿಸಿ ಎಬ್ಬಿಸಬೇಕು. ಹಾಗೆ ಎಬ್ಬಿಸುವ ಮೋಟಾರಿಗೆ ಎಲ್ಲರೂ ಸೆಲ್ಫ್ ಅನ್ನುತ್ತಾರೆ. ಆ ಸೆಲ್ಫ್ ಬಿಚ್ಚಿ, ಬುಷ್ಷು, ಕಾರ್ಬನ್ನು ಬದಲಿಸಿ ಮತ್ತೆ ಕಟ್ಟೋದು ಅವರ ಕೆಲಸ. ಎಡಗಡೆ ನನ್ನ ಬ್ಯಾಟರಿಗಳು, ಸಾಲಾಗಿ ಹಲಗೆಯ ಮೇಲೆ. ಚಾರ್ಜಿಗೆ ಇಟ್ಟ ಬ್ಯಾಟರಿ ಅಂದರೆ ಒಲೆಯ ಮೇಲಿನ ಹಾಲು, ಗಮನ ತಪ್ಪಬಾರದು. ಗುಳುಗುಳು ಗುಳ್ಳೆ ಬರೋದು, ಮೂಗಿಗೆ ಹುಳಿ ವಾಸನೆ ಏರೋದು, ಗಾಜಿನ ಪಿಚಕಾರಿಯಲ್ಲಿ ಆಸಿಡ್ ಎಳೆದು ನೋಡಿದರೆ ಅದರೊಳಗಿನ ಸಣ್ಣ ಗಾಜಿನ ಬುರುಡೆ ಮೇಲೆ ತೇಲೋದು. ತೇಲಿದರೆ ಹೊಟ್ಟೆ ತುಂಬಿದೆ, ಮುಳುಗಿದರೆ ಇನ್ನೂ ಹಸಿದಿದೆ. ಇಷ್ಟು ತಿಳಿಯೋದಕ್ಕೆ ಮೂರನೇ ಕ್ಲಾಸು ಬೇಕಾಗಲಿಲ್ಲ.

ನನ್ನ ಸೀರೆಗಳಿಗೆಲ್ಲ ಮೊಣಕಾಲಿನ ಹತ್ತಿರ ಸಣ್ಣ ಸಣ್ಣ ತೂತು, ಆಸಿಡ್ ಸಿಡಿದು. ಒನ್ ಟೌನ್ ಪೇಟೆಯ ಬಟ್ಟೆ ಅಂಗಡಿಯವನು ನನ್ನನ್ನು ಕಂಡ ಕೂಡಲೇ ಒಳಗೆ ಕೂಗುತ್ತಿದ್ದ, "ಆಸಿಡ್ ಅಮ್ಮ ಬಂದರು, ಅಗ್ಗದ ನೂಲಿನ ಸೀರೆ ತೆಗೀರಿ!" ನಾನೂ ಬಿಡುತ್ತಿರಲಿಲ್ಲ. "ತೂತು ನಾನೇ ಮಾಡ್ಕೊಂತೀನಪ್ಪಾ, ನೀನು ಮೊದಲೇ ಮಾಡಿ ಕೊಡಬ್ಯಾಡ," ಅನ್ನುತ್ತಿದ್ದೆ.

ಈಗ ಜಗಳದ ಮಾತು. ಒಂದು ಲಾರಿ ಸ್ಟಾರ್ಟ್ ಆಗದೆ ನಮ್ಮ ಶೆಡ್ಡಿಗೆ ಬಂತು ಅಂದರೆ ಅವರು ಮೊದಲು ಅನ್ನುತ್ತಿದ್ದದ್ದು, "ಬ್ಯಾಟರಿ ಸತ್ತೈತಿ." ನಾನು ಅನ್ನುತ್ತಿದ್ದದ್ದು, "ಸೆಲ್ಫ್ ಜಾಮ್ ಆಗೈತಿ." ಸೆಲ್ಫ್ ಕೆಟ್ಟಿದೆ ಅಂದರೆ ಅವರಿಗೆ ತಮ್ಮ ಮಗನನ್ನು ಯಾರೋ ಬೈದ ಹಾಗೆ. ಬ್ಯಾಟರಿ ಕೆಟ್ಟಿದೆ ಅಂದರೆ ನನಗೆ ನನ್ನ ಅಡಿಗೆಗೆ ಹೆಸರಿಟ್ಟ ಹಾಗೆ. ಡ್ರೈವರುಗಳಿಗೆ ಇದೊಂದು ನಾಟಕ. ಚಹಾ ತರಿಸಿಕೊಂಡು ನೋಡುತ್ತಾ ಕೂಡುತ್ತಿದ್ದರು. ಗುಂಟೂರು ಕಡೆಯ ಒಬ್ಬ ಮುದಿ ಡ್ರೈವರಂತೂ, "ಅಕ್ಕಾ, ಸೆಲ್ಫೂ ಸರಿ ಇದೆ, ಬ್ಯಾಟರಿಯೂ ಸರಿ ಇದೆ, ನಿಮ್ಮಿಬ್ಬರ ನಡುವಿನ ವೈರೇ ಲೂಸು," ಅಂದು ನಗುತ್ತಿದ್ದ. ನಾವೂ ನಗುತ್ತಿದ್ದೆವು. ಮತ್ತೆ ಮರುದಿನ ಅದೇ ಜಗಳ.

ನಮಗೆ ಒಬ್ಬಳೇ ಮಗಳು. ಅವಳ ಜೋಲಿ ಕಟ್ಟಿದ್ದು ಅವರ ಬೆಂಚಿಗೂ ನನ್ನ ಹಲಗೆಗೂ ನಡುವಿನ ತೊಲೆಗೆ. ತೊಂಬತ್ತರ ದಶಕದಲ್ಲಿ ಅವಳನ್ನು ವಿಶಾಖಪಟ್ಟಣಕ್ಕೆ ಕೊಟ್ಟೆವು, ತೆಲುಗಿನವರ ಮನೆಗೆ. ಅಳಿಯ ಬಂದರಿನಲ್ಲಿ ಕೆಲಸಕ್ಕಿದ್ದ, ಹಡಗು ಬಂದರೆ ಹಗಲು ರಾತ್ರಿ ಮನೆ ಕಡೆ ಸುಳಿಯುತ್ತಿರಲಿಲ್ಲ. ಮನೆಯಲ್ಲಿ ಎಲ್ಲಾ ನಡೆಯುತ್ತಿದ್ದದ್ದು ಅವನ ತಾಯಿಯ ಮಾತಿನ ಮೇಲೆ. ಗಂಡ ಹೋದ ಮೇಲೆ ಒಬ್ಬಳೇ ಮಗನನ್ನು ದಡ ಹತ್ತಿಸಿದ ಹೆಂಗಸು. ಎತ್ತರದ ಆಳು, ದೊಡ್ಡ ದನಿ, ಮಾತು ಅಂದರೆ ಮಾತು. ಅಲ್ಲಿ ಬೀಗಿತಿಯರು ಒಬ್ಬರನ್ನೊಬ್ಬರು ಅತ್ತಿಗೆ ಅನ್ನುತ್ತಾರೆ, ತೆಲುಗಿನಲ್ಲಿ 'ವದಿನ'. ಆಕೆ ನನ್ನನ್ನು 'ವದಿನಾ' ಅಂದರೆ ಬೀದಿಯ ಕೊನೆಗೆ ಕೇಳುತ್ತಿತ್ತು.

ಮಗಳು ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ, ಅದು ನಮ್ಮಲ್ಲೂ ಹೌದು, ಅವರಲ್ಲೂ ಹೌದು. ಏಳನೇ ತಿಂಗಳಲ್ಲಿ ಸೀಮಂತ ಮಾಡಿ, ಆ ತಿಂಗಳು ಮುಗಿಯುವುದರೊಳಗೆ ಕರೆದುಕೊಂಡು ಹೋಗಬೇಕು. ಎಂಟು ಬಿದ್ದರೆ ಕಳಿಸೋದಿಲ್ಲ. ಒಂಬತ್ತರಲ್ಲಿ ಅಷ್ಟು ದೂರದ ಪ್ರಯಾಣ ಬೇಡ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅಂದರೆ ಏಳು ತಪ್ಪಿದರೆ ಮಗಳ ಬಾಣಂತನ ನನ್ನ ಕೈ ತಪ್ಪಿದಂತೆ. ಒಬ್ಬಳೇ ಮಗಳು! ಅವಳಿಗೆ ಎಣ್ಣೆ ನೀರು ಹಾಕುವ ಕೈ ನನ್ನದಲ್ಲದೆ ಇನ್ಯಾರದು?

ಇಷ್ಟೆಲ್ಲಾ ಗೊತ್ತಿದ್ದೂ ನಮ್ಮವರು ತಡ ಮಾಡಿದರು. ರೈಲು ಬೇಡ, ಬಸ್ಸು ಬೇಡ, ನನ್ನ ಮಗಳು ಮಲಗಿಕೊಂಡು ಬರಬೇಕು ಅಂತ ಹಟ. ಗುಜರಿಗೆ ಬಂದಿದ್ದ ಒಂದು ಹಳೆಯ ಡೀಸೆಲ್ ವ್ಯಾನನ್ನು ಹಿಡಿದು ತಂದು ಎಂಜಿನ್ ರಿಪೇರಿ ಮಾಡಿಸಿದರು. ಸೆಲ್ಫ್ ತಾವೇ ಕಟ್ಟಿದರು. ಬ್ಯಾಟರಿ ನಾನು ತಯಾರು ಮಾಡಿದೆ, ಎಳೆಗೂಸಿಗೆ ಉಣಿಸಿದ ಹಾಗೆ ನಿಧಾನವಾಗಿ ಚಾರ್ಜ್ ಮಾಡಿ. ಹಿಂದಿನ ಸೀಟು ಕಿತ್ತು ಹತ್ತಿಯ ಗಾದಿ ಹಾಸಿದೆವು. ಇಷ್ಟಕ್ಕೇ ಹೊರಟಿದ್ದರೆ ಆಗುತ್ತಿತ್ತು. ಆದರೆ ಬಸುರಿ ಮಗಳು ಬರೋ ಗಾಡಿ ಹೊಳೆಯಬೇಕು ಅಂತ ಬಣ್ಣ ಹಚ್ಚೋಕೆ ಕೂತರು. ಮೈಗೆಲ್ಲ ಆಕಾಶದ ನೀಲಿ. ಅದು ಒಣಗಿದ ಮೇಲೆ ನೋಡುತ್ತೇನೆ, ಬೆಳ್ಳಿ ಬಣ್ಣದ ಡಬ್ಬಿ ಹಿಡಿದು ಗಾಡಿಯ ಅಡಿಗೆ ನುಸುಳಿದ್ದಾರೆ.

"ಅಡಿಗೂ ಯಾಕ್ರೀ ಬಣ್ಣ? ಯಾರು ನೋಡ್ತಾರ?"

ಗಾಡಿಯ ಕೆಳಗಿನಿಂದಲೇ ಉತ್ತರ ಬಂತು. "ಬೀಗಿತಿ ಬಗ್ಗಿ ನೋಡಿದ್ರ?"

ಹಾಗೆ ಬಗ್ಗಿ ನೋಡುವ ಹೆಂಗಸೇ ಆಕೆ ಅಂತ ನನಗೂ ಅನಿಸಿತು.

ವಿಶಾಖಪಟ್ಟಣ ಮುಟ್ಟಿದ್ದು ಸಂಜೆಗೆ. ಮರುದಿನ ಏಳನೇ ತಿಂಗಳ ಕೊನೆಯ ದಿನ. ಬೆಳಿಗ್ಗೆ ಬೀಗಿತಿ ಪುಳಿಹೋರ, ಪಾಯಸ ಮಾಡಿ ಉಣಿಸಿದರು. ಹುಳಿಯನ್ನದ ಎರಡು ಡಬ್ಬಿ ದಾರಿಗೂ ಕಟ್ಟಿದರು. ಮಗಳ ಉಡಿ ತುಂಬಿದರು. ದೀಪ ಹಚ್ಚುವ ಹೊತ್ತಿನ ಮೇಲೆ ಬಸುರಿ ಹೊಸ್ತಿಲು ದಾಟಬಾರದು, ಅದಕ್ಕೆ ಬಿಸಿಲೇರುವ ಮುಂಚೆಯೇ ಹೊರಡಿ ಅಂದರು. ಮಗಳು ಗಾದಿಯ ಮೇಲೆ ದಿಂಬಿಗೆ ಒರಗಿ ಕೂತಳು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ನಮ್ಮವರು ನಿಂಬೆಹಣ್ಣು ಚಕ್ರದ ಕೆಳಗಿಟ್ಟು, ದೊಡ್ಡ ಗತ್ತಿನಿಂದ ಹತ್ತಿ, ಕೀ ತಿರುಗಿಸಿದರು.

ಟಕ್.

ಇನ್ನೊಮ್ಮೆ. ಟಕ್. ಅಷ್ಟೇ. ನಿಂಬೆಹಣ್ಣು ಇದ್ದಲ್ಲೇ ಇತ್ತು.

ಬೀದಿಯ ಗಂಡಸರು ತಳ್ಳೋಕೆ ಬಂದರು. ಆ ಬೀದಿ ಸಮುದ್ರದ ಕಡೆಗೆ ಇಳಿಜಾರು, ಸ್ವಲ್ಪ ತಳ್ಳಿದರೆ ಹೊತ್ತಿಕೊಳ್ಳುತ್ತಿತ್ತೇನೋ. ಬೀಗಿತಿ ಗಾಡಿಯ ಮುಂದೆ ಬಂದು ನಿಂತುಬಿಟ್ಟರು.

"ತಳ್ಳಿದ ಬಂಡಿಯಲ್ಲಿ ನನ್ನ ಸೊಸೆಯನ್ನು ಕಳಿಸಲ್ಲ ವದಿನಾ. ತುನಿ ಹತ್ತಿರ ಕಾಡಿನ ದಾರಿಯಲ್ಲಿ ನಿಂತರೆ ಯಾರು ತಳ್ತಾರೆ, ನೀವಾ, ಅವಳಾ?"

ಮಾತು ನ್ಯಾಯವಾಗಿತ್ತು. ನಮ್ಮವರು, "ಹಂಗಾದ್ರ ಬಾಡಿಗಿ ಕಾರು ತರ್ತೀನಿ," ಅಂದರು. ಅದಕ್ಕೂ ಆಕೆ ಒಪ್ಪಲಿಲ್ಲ. "ಕರೆಯೋಕೆ ಬಂದ ಬಂಡಿಯೇ ಬೇಡ ಅಂತಿದೆ. ಇನ್ನೊಂದು ಬಂಡಿ ತಂದರೆ ಶಕುನ ಬದಲಾಗುತ್ತಾ? ಈ ಬಂಡಿ ಹೊರಟರೆ ಹುಡುಗಿ ಹೊರಡ್ತಾಳೆ. ದೀಪದ ಹೊತ್ತಿನವರೆಗೆ ನೋಡೋಣ. ಆಗಲಿಲ್ಲ ಅಂದರೆ ಹೆರಿಗೆ ಇಲ್ಲೇ. ನಾನು ನೋಡ್ಕೊಳಲ್ವಾ?"

ಮಗಳು ನನ್ನ ಸೆರಗು ಹಿಡಿದು ಮೆಲ್ಲಗೆ ಹೇಳಿದಳು, "ಅವ್ವಾ, ಅತ್ತೆಯ ತಂಗಿ ಎಂಟನೇ ತಿಂಗಳಲ್ಲಿ ಪ್ರಯಾಣ ಮಾಡಿ ಕೂಸು ಕಳ್ಕೊಂಡಿದ್ದಳಂತೆ. ಅದಕ್ಕೇ ಹೀಗೆ. ಬೈಬ್ಯಾಡ." ಸ್ವಲ್ಪ ತಡೆದು, "ಆದ್ರ ನನ್ನ ಬಿಟ್ಟು ಹೋಗಬ್ಯಾಡ," ಅಂದಳು. ಗಂಡನ ಮನೆಯಲ್ಲಿ ಏನೂ ಕಡಿಮೆ ಇರಲಿಲ್ಲ ಅವಳಿಗೆ. ಆದರೂ ತವರು ತವರೇ. ಅವಳನ್ನು ಒಳಗೆ ಕಳಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ನಮ್ಮವರು ಹೆಡ್‌ಲೈಟ್ ಹಾಕಿ ಕೀ ತಿರುಗಿಸಿದರು. ಲೈಟು ಮಂಕಾಗಿ ಕೆಂಪಗೆ ಇಳಿಯಿತು. ನನ್ನ ಕಡೆ ತಿರುಗಿದರು.

"ಬ್ಯಾಟರಿ ಸತ್ತೈತಿ."

ಬೀಗರ ಮನೆಯ ಮುಂದೆ! ಇಡೀ ಬೀದಿ ನಿಂತಿರುವಾಗ!

"ಏನಂದ್ರಿ? ನಾನು ಚಾರ್ಜ್ ಮಾಡಿದ ಬ್ಯಾಟರೀನ?"

"ಲೈಟೇ ಹೇಳಾಕತ್ತೈತಲ್ಲ, ನಾ ಏನ್ ಹೇಳ್ಲಿ?"

ಬೇರೆ ಸೀರೆ ಮರೆತರೂ ಪಿಚಕಾರಿ ಮರೆಯುವವಳಲ್ಲ ನಾನು. ಚೀಲದಿಂದ ತೆಗೆದು ಬ್ಯಾಟರಿಯ ಒಂದೊಂದು ಬಾಯಿಗೂ ಇಟ್ಟು ಎಳೆದು ತೋರಿಸಿದೆ. ಎಲ್ಲಾ ಕಡೆ ಬುರುಡೆ ಮೇಲೇ ತೇಲಿತು. ಅಷ್ಟಕ್ಕೆ ಬಿಡಲಿಲ್ಲ. ಎರಡು ವೈರಿನ ಬಲ್ಬನ್ನು ಬ್ಯಾಟರಿಯ ಎರಡು ಕಂಬಕ್ಕೆ ನೇರ ಹಿಡಿದು, "ಈಗ ಕೀ ತಿರುವ್ರಿ," ಅಂದೆ. ಅವರು ತಿರುಗಿಸಿದರು. ಟಕ್ ಅಂತು. ಹೆಡ್‌ಲೈಟು ಕೆಂಪಗಾಗಿ ಸತ್ತಿತು. ನನ್ನ ಕೈಯ ಬಲ್ಬು ಮಾತ್ರ ಮಿಣುಕಲಿಲ್ಲ, ಬೆಳ್ಳಗೆ ಉರಿಯುತ್ತಿತ್ತು.

"ನೋಡ್ರಿ, ಬ್ಯಾಟರಿ ಕೊಡ್ತೈತಿ. ನಿಮ್ಮ ಸೆಲ್ಫೇ ತಗೊಳ್ಳವಲ್ದು."

ಅವರ ಮುಖ ಕೆಂಪಾಯಿತು. ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಹೋದರು. ಒಂದು ಬೋಲ್ಟು ಮಾತು ಕೇಳಲಿಲ್ಲ. ಪಾನಾ ಜಾರೋದು, ಅವರು ಬೈಯೋದು. ಬೀಗಿತಿ ಜಗಲಿಯ ಮೇಲೆ ಕಾಲು ಚಾಚಿ ಕೂತು ಹುರುಳಿಕಾಯಿ ಬಿಡಿಸುತ್ತಾ ಕೂಗಿದರು.

"ವದಿನಾ, ನಿಮ್ಮ ಮನೆಯವರು ಅಡಿಯಲ್ಲೇ ಊಟ ಮಾಡ್ತಾರಾ, ಎಲೆ ಅಲ್ಲಿಗೇ ಕೊಡಲಾ?"

"ಎಲೆ ಬ್ಯಾಡ ವದಿನಗಾರು, ಹಾಸಿಗೀನೇ ಕೊಟ್ಟುಬಿಡ್ರಿ," ಅಂದೆ ನಾನು. ಸಿಟ್ಟಿನಲ್ಲೂ ನಗು ಬಂತು ಇಬ್ಬರಿಗೂ.

ಊಟದ ಹೊತ್ತು ದಾಟಿದ ಮೇಲೆ ಸೆಲ್ಫ್ ಹೊರಗೆ ಬಂತು. ಅದನ್ನು ಗೋಣಿಯ ಮೇಲಿಟ್ಟು, ಕಾಲಲ್ಲಿ ಮೆಟ್ಟಿ ಹಿಡಿದು, ದಪ್ಪ ವೈರಿನಲ್ಲಿ ಬ್ಯಾಟರಿಗೆ ನೇರ ಮುಟ್ಟಿಸಿದರು. ಗಿರ್ರ್ ಅಂತ ಬುಗುರಿ ತಿರುಗಿದ ಹಾಗೆ ತಿರುಗಿತು! ಕಾಲ ಕೆಳಗಿನಿಂದ ಹಾರಿಹೋಗುವಷ್ಟು ಜೋರು. ಅವರು ಎದೆಯುಬ್ಬಿಸಿ ನನ್ನ ಕಡೆ ನೋಡಿದರು. "ಏನಂದಿ? ತಗೊಳ್ಳವಲ್ದಾ?"

ಸೆಲ್ಫ್ ತಿರುಗಿದ್ದು ನನ್ನ ಬ್ಯಾಟರಿಯಿಂದ. ನನ್ನ ಬ್ಯಾಟರಿ ತಿರುಗಿಸಿದ್ದು ಅವರ ಸೆಲ್ಫನ್ನು. ಇಬ್ಬರೂ ಗೆದ್ದಿದ್ದೆವು. ಗಾಡಿ ಮಾತ್ರ ಹಾಗೇ ನಿಂತಿತ್ತು. ಇಷ್ಟು ವರ್ಷದ ಜಗಳದಲ್ಲಿ ಇಬ್ಬರೂ ಒಟ್ಟಿಗೆ ಗೆದ್ದದ್ದು ಅದೇ ಮೊದಲು. ಗೆದ್ದು ಏನು ಮಾಡಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು.

ಮತ್ತೆ ಸೆಲ್ಫ್ ಕಟ್ಟುವ ಹೊತ್ತಿಗೆ ಬಿಸಿಲು ಎದುರು ಮನೆಯ ಮಾಳಿಗೆಗೆ ಏರಿತ್ತು. ಸಮುದ್ರದ ಗಾಳಿ ಬೀಸತೊಡಗಿತು. ಬೀಗಿತಿ ಎದ್ದು ಮುಖ ತೊಳೆದರು, ದೀಪದ ಬತ್ತಿ ಹೊಸೆಯಲು ಕೂತರು. ಕಿಟಕಿಯಲ್ಲಿ ಮಗಳು ಉಡಿಯ ಅಕ್ಕಿಯನ್ನು ಇನ್ನೂ ಬಿಚ್ಚದೆ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು.

ಆಗ ನನಗೆ ನನ್ನ ಹಲಗೆ ನೆನಪಾಯಿತು. ಚಾರ್ಜಿಗೆ ಇಡುವಾಗ ಯಾವುದಾದರೂ ಕ್ಲಿಪ್ಪು ಸಡಿಲ ಇದ್ದರೆ ಅದು ಬೆಂಕಿಯಂತೆ ಕಾಯುತ್ತದೆ. ಕರೆಂಟಿಗೆ ದಾರಿ ಸಾಲದೆ ಅಲ್ಲೇ ಒದ್ದಾಡುತ್ತದೆ. ಬ್ಯಾಟರಿಯೂ ಸರಿ, ಸೆಲ್ಫೂ ಸರಿ ಅಂದ ಮೇಲೆ ಎರಡರ ನಡುವೆ ಎಲ್ಲೋ ಒದ್ದಾಡುತ್ತಿರಬೇಕು.

"ನೀವು ಕೀ ತಿರುವಿ ಹಿಡೀರಿ, ನಾ ಮುಟ್ಟಿ ನೋಡ್ತೀನಿ," ಅಂದೆ.

ಪ್ಲಸ್ ಕಡೆಯ ವೈರು ಮೊದಲಿನಿಂದ ಕೊನೆಯವರೆಗೆ ಸವರಿದೆ. ತಣ್ಣಗಿತ್ತು. ಮೈನಸ್ ಕಡೆಯ ಪಟ್ಟಿ ಬ್ಯಾಟರಿಯಿಂದ ಇಳಿದು ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ ಹೋಗುತ್ತದೆ, ಅಲ್ಲೊಂದು ಬೋಲ್ಟು. ಅದಕ್ಕೆ ಅರ್ತ್ ಅನ್ನುತ್ತಾರೆ. ಕೈ ಅಲ್ಲಿಗೆ ಎಟುಕಲಿಲ್ಲ. ಉಟ್ಟಿದ್ದು ಸೀಮಂತಕ್ಕೆ ಅಂತ ಕೊಂಡ ರೇಷ್ಮೆ, ತೂತಿಲ್ಲದ ನನ್ನ ಒಂದೇ ಸೀರೆ. ಗೋಣಿಯ ಮೇಲೆ ಬೆನ್ನು ಕೊಟ್ಟು ಗಾಡಿಯ ಅಡಿಗೆ ಜಾರಿದೆ.

"ಅಯ್ಯೋ, ಪಟ್ಟು ಸೀರೆ! ಪಟ್ಟು ಸೀರೆ!" ಅಂತ ಬೀಗಿತಿ ಬತ್ತಿ ಬಿಟ್ಟು ಓಡಿಬಂದರು.

"ತಿರುವ್ರಿ!" ಅಂತ ಕೂಗಿದೆ. ಟಕ್ ಅಂತು. ಬೋಲ್ಟಿಗೆ ಬೆರಳಿಟ್ಟೆ. ಚುರ್ ಅಂತ ಸುಟ್ಟಿತು.

ಸಿಕ್ಕಿದ ಕಳ್ಳ! ಪಟ್ಟಿಯ ಅಂಚು ಬಗ್ಗಿಸಿ ನೋಡಿದರೆ ಅದರ ಕೆಳಗೆ, ಅದು ಕಬ್ಬಿಣಕ್ಕೆ ಕಚ್ಚಿ ಕೂಡಬೇಕಾದ ಜಾಗದಲ್ಲಿ, ದಪ್ಪಗೆ ಬೆಳ್ಳಿ ಬಣ್ಣ. ಚಂದ ಹೊಳೆಯುತ್ತಿತ್ತು, ಮಿಠಾಯಿಯ ಮೇಲಿನ ರೇಕಿನ ಹಾಗೆ. ಬಣ್ಣ ಹಚ್ಚಲು ಪಟ್ಟಿ ಬಿಚ್ಚಿ, ಒಣಗಿದ ಬಣ್ಣದ ಮೇಲೇ ಮತ್ತೆ ಬಿಗಿದಿದ್ದರು. ಬಣ್ಣದೊಳಗೆ ಕರೆಂಟು ಹಾಯೋದಿಲ್ಲ. ಬರೋವಾಗ ಬೋಲ್ಟಿನ ತಿರುಪಿನಿಂದ ಅಷ್ಟಿಷ್ಟು ಕರೆಂಟು ಹಾದು ಹೇಗೋ ಬಂದೆವು. ದಾರಿಯುದ್ದಕ್ಕೂ ಅಲುಗಾಡಿ, ರಾತ್ರಿ ಸಮುದ್ರದ ಉಪ್ಪು ಗಾಳಿ ಕುಡಿದು, ಅದೂ ನಿಂತಿತ್ತು.

ಗಾಡಿಯ ಅಡಿಯಲ್ಲಿ ಮಲಗಿಕೊಂಡೇ ನನಗೆ ನಗು ಶುರುವಾಯಿತು. ಹೊಟ್ಟೆ ಹಿಡಿದು ನಕ್ಕೆ.

"ಯಾಕ ನಗ್ತಿ? ತಲಿ ಕೆಟ್ಟೈತೇನು?" ಅಂತ ಇವರು ಇಳಿದು ಬಂದರು.

"ಬರ್ರಿ, ನಿಮ್ಮ ಬೆಳ್ಳಿ ಬಣ್ಣ ನೋಡ್ರಿ. ಬೀಗಿತಿ ಬಗ್ಗಿ ನೋಡಿದ್ರ ಅಂತ ಹಚ್ಚಿದ್ರಲ್ಲ!"

ಅವರು ಒಂದು ಕಡೆಯಿಂದ ಬಗ್ಗಿ ನೋಡಿದರು. ಇನ್ನೊಂದು ಕಡೆಯಿಂದ ಬೀಗಿತಿ ಬಗ್ಗಿದರು! ಅಂಥ ಎತ್ತರದ ಹೆಂಗಸು, ಮೊಣಕಾಲಿಗೆ ಕೈ ಕೊಟ್ಟು, ಅಡಿಯನ್ನೆಲ್ಲ ಕಣ್ಣಾಡಿಸಿ ನೋಡಿ, "ಬಣ್ಣ ಚೆನ್ನಾಗಿಯೇ ಇದೆಯಲ್ಲ," ಅಂದರು. ಇವರ ಮುಖ ನೋಡಬೇಕಿತ್ತು. ನಗೋದೋ ಅಳೋದೋ ಗೊತ್ತಾಗದೆ ಮೀಸೆ ಒರೆಸಿಕೊಂಡರು.

ಬೋಲ್ಟು ಬಿಚ್ಚಿದೆವು. ಚಾಸಿಯ ಬಣ್ಣವನ್ನು ಅವರು ಚಾಕುವಿನಲ್ಲಿ ಹೆರೆದು ಕಬ್ಬಿಣ ಕಾಣಿಸಿದರು. ಪಟ್ಟಿಯ ತುದಿಯ ತಾಮ್ರ ಕಪ್ಪಗಾಗಿತ್ತು. ಬೀಗಿತಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಇದಾ? ಇದು ನನ್ನ ಕೆಲಸ ವದಿನಾ," ಅಂದು ಒಳಗೆ ಹೋಗಿ ಹುಣಸೆಹಣ್ಣು ತಂದರು. ದೇವರ ಪಾತ್ರೆ ಉಜ್ಜುವ ಹಾಗೆ ತಿಕ್ಕಿ ತಿಕ್ಕಿ, ನೀರಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿ ಕೊಟ್ಟರು. ಹೊಸ ಹರಿವಾಣದ ಹಾಗೆ ಫಳಫಳ ಅನ್ನುತ್ತಿತ್ತು. ಇವರು ಬಿಗಿದರು. ನಾನು ಬ್ಯಾಟರಿಯ ಕಂಬ ಬಿಗಿದೆ. ಇವರು ಹತ್ತಿ ಕೂತರು.

ಕೀ ತಿರುಗಿತು. ಒಂದೇ ಏಟಿಗೆ ಎಂಜಿನ್ ಎದ್ದು ಗುಡುಗಿತು! ಕರೀ ಹೊಗೆ ಜಗಲಿಯ ಮೇಲೆ ಒಣಗಲು ಹಾಕಿದ್ದ ವಡಿಯಾಲ ಸಂಡಿಗೆಯ ಮೇಲೆಲ್ಲಾ ಹೋಯಿತು, ಯಾರೂ ಅದನ್ನು ನೋಡಲಿಲ್ಲ. ಮಗಳು ಕಿಟಕಿಯಿಂದಲೇ ಚಪ್ಪಾಳೆ ತಟ್ಟಿದಳು.

ಬೀಗಿತಿ ಮಾತ್ರ ಕೈ ಎತ್ತಿದರು. "ಆರಿಸಿ. ಇಂಕೊಕ್ಕ ಸಾರಿ." ಇನ್ನೊಂದು ಸಲ.

ಆರಿಸಿದರು, ಹಚ್ಚಿದರು. ಎದ್ದಿತು.

"ಇಂಕೊಕ್ಕ ಸಾರಿ."

ಮತ್ತೆ ಎದ್ದಿತು. ಆಕೆ ಬಾಗಿಲ ಹತ್ತಿರ ಬಂದು, "ಇಳೀರಿ ಅಣ್ಣಯ್ಯಗಾರು," ಅಂದರು. ಇವರು ಗಾಬರಿಯಾಗಿ ಎಂಜಿನ್ ಆರಿಸಿ, ಗೇರು ಬಿಡಿಸಿ ಇಳಿದರು. ಬೀಗಿತಿ ಸೀರೆ ಎತ್ತಿ ಹಿಡಿದು ಡ್ರೈವರ್ ಸೀಟಿಗೆ ಹತ್ತಿ ಕೂತು, ಕಣ್ಣು ಮುಚ್ಚಿ ದೇವರನ್ನು ನೆನೆದು, ತಾವೇ ಕೀ ತಿರುಗಿಸಿದರು. ಎಂಜಿನ್ ಗುಡುಗಿದ್ದೇ ತಡ, ಹೆದರಿ ಒಮ್ಮೆ ಕಿರುಚಿ, ಆಮೇಲೆ ಚಿಕ್ಕ ಹುಡುಗಿಯ ಹಾಗೆ ನಗಲು ಶುರು ಮಾಡಿದರು. ನಗುತ್ತಲೇ ಕಣ್ಣಲ್ಲಿ ನೀರು. ತಂಗಿ ನೆನಪಾಗಿದ್ದಳೋ ಏನೋ, ನಾನು ಕೇಳಲಿಲ್ಲ.

ಸೂರ್ಯ ಆಗಲೇ ಮುಳುಗಿದ್ದ. ನಾನು ದೇವರ ಗೂಡಿನ ಕಡೆ ನೋಡಿದೆ. ಆಕೆ ನನ್ನ ನೋಟ ಹಿಡಿದರು.

"ಏನು ನೋಡ್ತೀರಿ ವದಿನಾ? ನನ್ನ ಮನೆಯಲ್ಲಿ ನಾನು ಹಚ್ಚಿದರೆ ತಾನೆ ದೀಪದ ಹೊತ್ತು? ನೀವು ಮೂಲೆ ತಿರುಗೋವರೆಗೆ ನಾನು ಬೆಂಕಿಪೆಟ್ಟಿಗೆ ಮುಟ್ಟಲ್ಲ. ಹೊರಡಿ, ಹೊರಡಿ."

ಮಗಳ ಹಣೆ ಸವರಿ ಹತ್ತಿಸಿದರು. ನಿಂಬೆಹಣ್ಣು ಪಚಕ್ ಅಂತು. ಬೀದಿಯ ಮೂಲೆಯಲ್ಲಿ ನಾನು ತಿರುಗಿ ನೋಡಿದೆ. ಎಲ್ಲಾ ಮನೆಗಳಲ್ಲೂ ದೀಪ ಇತ್ತು, ಆಕೆಯ ಮನೆಯೊಂದೇ ಕತ್ತಲೆ. ಆ ಕತ್ತಲೆ ಬಾಗಿಲಲ್ಲಿ ಎತ್ತರಕ್ಕೆ ನಿಂತು ಕೈ ಬೀಸುತ್ತಿದ್ದರು.

ಅನಕಾಪಲ್ಲಿ ದಾಟಿದೆವು. ಹಿಂದೆ ಮಗಳು ಹುಳಿಯನ್ನ ತಿಂದು ಗೊರಕೆ ಹೊಡೆಯುತ್ತಿದ್ದಳು. ಇವರು ರಸ್ತೆ ನೋಡುತ್ತಲೇ ಅಂದರು, "ಬ್ಯಾಟರಿ ಚಲೋ ಇತ್ತು."

ಹೆಂಡತಿಯ ಅಡಿಗೆಯನ್ನೂ ಹೊಗಳಿದ ಮನುಷ್ಯನಲ್ಲ. ನಾನು ಹೊರಗಡೆ ನೋಡುತ್ತಾ ಅಂದೆ, "ಸೆಲ್ಫೂ."

ಅಷ್ಟೇ. ವಿಜಯವಾಡ ಬರೋವರೆಗೆ ಅದೇ ಮಾತು ಸಾಕಾಯಿತು.

ಮಗಳು ನಮ್ಮ ಮನೆಯಲ್ಲೇ ಹೆತ್ತಳು, ಹೆಣ್ಣು ಕೂಸು. ಎಣ್ಣೆ ನೀರು ಹಾಕಿದ್ದು ಈ ಕೈ. ಕೂಸನ್ನು ನೋಡಲು ಬೀಗಿತಿ ವಿಶಾಖಪಟ್ಟಣದಿಂದ ಬಂದರು. ಬುಟ್ಟಿ ತುಂಬ ಹಣ್ಣು, ಬೆಳ್ಳಿ ಕಾಲ್ಗಡಗ. ಬಾಗಿಲಲ್ಲಿ ಕಾಲು ತೊಳೆದವರೇ ಕೇಳಿದ್ದು, "ಬಂಡಿ ಎಲ್ಲಿ?" ಹಿತ್ತಲಿಗೆ ಹೋಗಿ, ಹತ್ತಿ ಕೂತು, ಕೀ ತಿರುಗಿಸಿ, ಗುಡುಗಿದ್ದನ್ನು ಕೇಳಿದ ಮೇಲೆಯೇ ಕೂಸಿನ ತೊಟ್ಟಿಲಿಗೆ ಬಂದರು.

ಆ ವ್ಯಾನು ಮಾರುವವರೆಗೂ ಚಾಸಿಯ ಆ ಜಾಗಕ್ಕೆ ಯಾರೂ ಬಣ್ಣ ಹಚ್ಚಲಿಲ್ಲ. ನಮ್ಮವರು ರೂಪಾಯಿಯಗಲ ಕಬ್ಬಿಣ ಬರಿದಾಗಿ ಬಿಟ್ಟು, ಪಟ್ಟಿ ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಸುತ್ತ ಗ್ರೀಸ್ ಸವರುತ್ತಿದ್ದರು. ಸವರಿದ ಬೆರಳಿನಲ್ಲೇ ಬಂದು ಮೊಮ್ಮಗಳ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದರು. ನಾನು ಬೈಯುತ್ತಿದ್ದೆ, ಕೂಸು ನಗುತ್ತಿತ್ತು. ಈಗ ಅವರೂ ಇಲ್ಲ, ಬೀಗಿತಿಯೂ ಇಲ್ಲ. ನಮ್ಮ ಶೆಡ್ಡಿನ ಜಾಗದಲ್ಲಿ ಟೈರಿನ ಅಂಗಡಿ. ಆದರೆ ಆ ಗ್ರೀಸಿನ ಬೊಟ್ಟಿನ ಕೆನ್ನೆ ಹೋದ ವಾರ ಹೆದ್ದಾರಿಯ ಬದಿಯಲ್ಲಿ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿತ್ತಲ್ಲ!

"ಅಮ್ಮಮ್ಮಾ!" ಫೋನಿನಲ್ಲಿ ಕೂಗು. "ಸಿಕ್ತು! ಮೈನಸ್ ಕಡೆ ಬಿಸಿ ಇದೆ. ಸುತ್ತ ಬೆಳ್ಳಗೆ ಉಪ್ಪಿನ ಥರ ಕಟ್ಟಿದೆ. ಇಲ್ಲೊಂದು ಟೀ ಅಂಗಡಿ ಇದೆ, ಬಿಸಿನೀರು ತಗೊಂಡು ತೊಳೀಲಾ?"

"ತೊಳಿ, ಒರೆಸು, ಬಿಗಿ."

ಕಾದೆ. ಆಮೇಲೆ ಎಂಜಿನ್ ಎದ್ದ ಸದ್ದು. ಅಷ್ಟು ದೂರದಿಂದ, ಫೋನಿನ ತೂತಿನೊಳಗಿಂದ, ಮಳೆಗಾಲದ ಮೊದಲ ಗುಡುಗಿನ ಹಾಗೆ ಕೇಳಿಸಿತು ನನಗೆ. ಅವಳು ಕೇಕೆ ಹಾಕುತ್ತಿದ್ದಳು. "ಆಯ್ತು ಅಮ್ಮಮ್ಮಾ, ಹೊರಡ್ತೀನಿ!"

"ಏಯ್, ನಿಲ್ಲು," ಅಂದೆ. "ಆರಿಸು ಮೊದಲು."

"ಯಾಕೆ? ಸ್ಟಾರ್ಟ್ ಆಯ್ತಲ್ಲಾ!"

"ಆರಿಸು ಅಂದೆ. ಹಾಂ. ಈಗ ಹಚ್ಚು."

ಮತ್ತೆ ಗುಡುಗಿತು. ಸಾರು ತಣ್ಣಗಾದರೆ ಆಗಲಿ. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೀಗಿತಿಯ ಅಷ್ಟೇ ದೊಡ್ಡ ದನಿಯಲ್ಲಿ ಅಂದೆ:

"ಇಂಕೊಕ್ಕ ಸಾರಿ!"